ಪ್ಯಾನೆಲ್ಲಿನಲ್ಲಿ 28, ಕೊಳದಲ್ಲಿ 23

ಮಡಿಕೇರಿಯ ಸಮೀಪದ ರೆಸಾರ್ಟೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಕಳೆದ ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಫ್ರಂಟ್ ಆಫೀಸಿಗೆ ಫೋನ್ ಮಾಡಿ, "ಪೂಲ್ 28 ಡಿಗ್ರಿಗೆ ಬಂದಿದೆ, ಗೆಸ್ಟ್‌ಗಳನ್ನು ಕಳಿಸಬಹುದು" ಎಂದು ಹೇಳಿದೆ. ಅದು ನಿಜವಾಗಿರಲಿಲ್ಲ. ನನ್ನ ಮಾತನ್ನು ನಂಬಿ ನೀರಿಗಿಳಿದ, ಎಪ್ಪತ್ತು ದಾಟಿದ ಒಬ್ಬ ಅಜ್ಜಿಯ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ.

ನಮ್ಮ ಈಜುಕೊಳ 15 ಮೀಟರ್ ಉದ್ದ, 7 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳ ಇದೆ. ಲೆಕ್ಕ ಹಾಕಿದರೆ ಸುಮಾರು 1,36,000 ಲೀಟರ್ ನೀರು. ನವೆಂಬರ್ ಕೊನೆಯಲ್ಲಿ ಇದಕ್ಕೆ 35 ಕಿಲೋವ್ಯಾಟಿನ ಹೀಟ್ ಪಂಪ್ ಕೂರಿಸಿದರು. ಯಂತ್ರವನ್ನು ಚಾಲೂ ಮಾಡಿಕೊಡಲು ಬಂದ ಹುಡುಗ ಇಪ್ಪತ್ತು ನಿಮಿಷ ಡೆಮೊ ಕೊಟ್ಟು, ಸೆಟ್ ಪಾಯಿಂಟ್, ಅಂದರೆ ನೀರು ಎಷ್ಟು ಡಿಗ್ರಿಗೆ ಬರಬೇಕೆಂಬ ಅಂಕಿ, ಬದಲಿಸುವುದನ್ನು ತೋರಿಸಿ, ಮ್ಯಾನುಯಲ್ ನನ್ನ ಕೈಗಿತ್ತು ಸಂಜೆಯ ಬಸ್ಸಿಗೆ ಹೊರಟುಹೋದ. ಹ್ಯಾಂಡೋವರ್ ಶೀಟಿಗೆ ಸಹಿ ಹಾಕಿದವನು ನಾನೇ. ಈ ಹೀಟರಿಗೂ ಫಿಲ್ಟರ್ ಪಂಪಿನ ಟೈಮರಿಗೂ ಏನು ಸಂಬಂಧ, ಪ್ಯಾನೆಲ್ಲಿನಲ್ಲಿ ಕಾಣುವ ಅಂಕಿ ಎಲ್ಲಿಯ ನೀರಿನದು ಎಂಬ ಎರಡು ಪ್ರಶ್ನೆಗಳನ್ನು ಸಹಿಗೆ ಮೊದಲು ಕೇಳಬೇಕಿತ್ತು. ನಾನು ಕೇಳಲಿಲ್ಲ.

ಆ ವಾರದ ಮಂಗಳವಾರ ಬೆಳಿಗ್ಗೆ ಜಿ.ಎಂ. (ಜನರಲ್ ಮ್ಯಾನೇಜರ್) ಕರೆದು, ವಾರಾಂತ್ಯಕ್ಕೆ ಮೈಸೂರಿನ ಒಂದು ದೊಡ್ಡ ಕುಟುಂಬ ಬರುತ್ತಿದೆ, ಬಿಸಿನೀರಿನ ಪೂಲ್ ಇದೆಯೆಂದೇ ಬುಕ್ ಮಾಡಿದ್ದಾರೆ, ಶುಕ್ರವಾರ ಬೆಳಿಗ್ಗೆಗೆ ಸಿದ್ಧವಿರಬೇಕು ಎಂದರು. ನೀರು ಆಗ 19.5 ಡಿಗ್ರಿಯಲ್ಲಿತ್ತು. ನಾನು ಲೆಕ್ಕ ಹಾಕಿದೆ. ಇಷ್ಟು ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 158 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. ಎಂಟೂವರೆ ಡಿಗ್ರಿಗೆ 1,340 ಯೂನಿಟ್. 35 ಕಿಲೋವ್ಯಾಟಿನ ಯಂತ್ರಕ್ಕೆ 38 ಗಂಟೆ ಚಿಲ್ಲರೆ. ಮಂಗಳವಾರ ಮಧ್ಯಾಹ್ನ ಚಾಲೂ ಮಾಡಿದರೆ ಗುರುವಾರ ನಸುಕಿಗೆ ಮುಗಿಯುತ್ತದೆ, ಒಂದು ದಿನ ಕೈಯಲ್ಲಿ ಉಳಿಯುತ್ತದೆ ಎಂದು ಜಿ.ಎಂ. ಅವರಿಗೆ ಮಾತು ಕೊಟ್ಟೆ.

ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದ್ದವು. ಆದರೆ ನೇಮ್‌ಪ್ಲೇಟಿನ ಮೇಲಿನ 35 ಎಂಬುದು ಹೊರಗಿನ ಗಾಳಿ 27 ಡಿಗ್ರಿ ಇರುವಾಗಿನ ಅಂಕಿ. ಹೀಟ್ ಪಂಪ್ ಶಾಖವನ್ನು ತೆಗೆಯುವುದೇ ಗಾಳಿಯಿಂದ. ನಮ್ಮಲ್ಲಿ ಡಿಸೆಂಬರ್ ರಾತ್ರಿಯ ಗಾಳಿ 14ಕ್ಕೆ ಇಳಿದಾಗ ಅದೇ ಯಂತ್ರ ಅಷ್ಟು ಶಾಖ ಕೊಡಲಾರದು. ಇನ್ನೊಂದೆಡೆ, ತೆರೆದ ಕೊಳದ ನೀರು ರಾತ್ರಿಯಿಡೀ ಆವಿಯಾಗುತ್ತಲೇ ಇರುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಸುಮಾರು 0.68 ಯೂನಿಟ್‌ನಷ್ಟು ಶಾಖ ಅದರ ಜೊತೆ ಹೋಗುತ್ತದೆ. ನಮ್ಮ ಕೊಳದ ಮಟ್ಟ ಒಂದೇ ಒಂದು ಮಿಲಿಮೀಟರ್ ಇಳಿದರೆ 105 ಲೀಟರ್ ಹೋಯಿತು, ಅದರೊಂದಿಗೆ ಇಡೀ ಕೊಳದ ಅರ್ಧ ಡಿಗ್ರಿಗೆ ಹತ್ತಿರದ ಶಾಖವೂ ಹೋಯಿತು. ಇದನ್ನು ತಡೆಯಲು ಇರುವುದು ಕವರ್ ಒಂದೇ. ಹೀಟರಿಗೆ ಲಕ್ಷಗಟ್ಟಲೆ ಸುರಿದ ಮ್ಯಾನೇಜ್‌ಮೆಂಟು, ಕವರ್ ಹಾಸಿದರೆ ಸಂಜೆಯ ಫೋಟೊ ಕೆಡುತ್ತದೆ ಎಂಬ ಕಾರಣಕ್ಕೆ ಅದನ್ನು ಪಟ್ಟಿಯಿಂದ ತೆಗೆದುಹಾಕಿತ್ತು. ಬಿಸಿ ಮಾಡಿದ ನೀರನ್ನು ರಾತ್ರಿ ಹಾಗೆಯೇ ಬಿಡುವುದು, ಒಲೆಯ ಮೇಲಿನ ಹಂಡೆಗೆ ಮುಚ್ಚಳ ಬೇಡ ಎಂದ ಹಾಗೆ. ಇದನ್ನು ಅಂದೇ ಬರವಣಿಗೆಯಲ್ಲಿ ಕೊಡಲಿಲ್ಲವಲ್ಲ ಎಂಬ ಬೇಸರ ನನಗೆ ಇನ್ನೂ ಇದೆ.

ಬುಧವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಪಂಪ್ ರೂಮಿಗೆ ಹೋದಾಗ ಹೀಟರ್ ಸದ್ದಿಲ್ಲದೆ ನಿಂತಿತ್ತು, ಪ್ಯಾನೆಲ್ಲಿನಲ್ಲಿ ಫ್ಲೋ ಫಾಲ್ಟ್ ಮಿನುಗುತ್ತಿತ್ತು. ಫಿಲ್ಟರ್ ಪಂಪಿನ ಟೈಮರ್ ಹಿಂದಿನಂತೆಯೇ ರಾತ್ರಿ ಹತ್ತಕ್ಕೆ ಪಂಪನ್ನು ಆಫ್ ಮಾಡಿತ್ತು; ನೀರು ಹರಿಯುವುದು ನಿಂತೊಡನೆ, ಹರಿವಿಲ್ಲದಾಗ ಹೀಟರನ್ನು ನಿಲ್ಲಿಸುವ ಫ್ಲೋ ಸ್ವಿಚ್ ತನ್ನ ಕೆಲಸ ಮಾಡಿತ್ತು. ಎಂಟು ಗಂಟೆಗೂ ಹೆಚ್ಚು ಕಾಲ ಹೀಟರ್ ನಿಂತೇ ಇತ್ತು, ಹಿಂದಿನ ದಿನ ಏರಿದ್ದರಲ್ಲಿ ಬಹುಪಾಲು ಇಳಿದುಹೋಗಿತ್ತು. ಟೈಮರನ್ನು ಬೈಪಾಸ್ ಮಾಡಿ ಪಂಪನ್ನು ಮ್ಯಾನುಯಲ್ಲಿಗೆ ಹಾಕಿ, ಹೀಟರನ್ನು ಮತ್ತೆ ಹೊರಡಿಸಿದೆ.

ಅಂದು ಸಂಜೆ ಜಿ.ಎಂ. ಸ್ವತಃ ಬಂದರು. ಹೀಟರಿನಿಂದ ಕೊಳಕ್ಕೆ ನೀರು ಮರಳುವ ರಿಟರ್ನ್ ಪೈಪಿನ ಮೇಲೆ ಕೈಯಿಟ್ಟು ನೋಡಿ, "ಇದು ಬೆಚ್ಚಗೂ ಇಲ್ಲವಲ್ರೀ, ಕೆಲಸ ಮಾಡ್ತಿದೆಯಾ ಇದು?" ಎಂದು ಕೇಳಿದರು. ಗೀಸರಿನಿಂದ ಬರುವ ಹಾಗೆ ಕೈ ಸುಡುವ ನೀರನ್ನು ಎಲ್ಲರೂ ನಿರೀಕ್ಷಿಸುತ್ತಾರೆ. ಇಲ್ಲಿ ಗಂಟೆಗೆ 16,000 ಲೀಟರ್ ನೀರು ಹರಿಯುತ್ತಿರುತ್ತದೆ. ಒಳಹೋದ ನೀರಿಗಿಂತ ಹೊರಬಂದ ನೀರು ಒಂದೂವರೆ ಡಿಗ್ರಿ ಹೆಚ್ಚಿದ್ದರೆ ಯಂತ್ರ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ. ಬೈಪಾಸ್ ವಾಲ್ವನ್ನು ತಿರುಗಿಸಿ ಹೀಟರಿನೊಳಗಿನ ಹರಿವನ್ನು ಕಡಿಮೆ ಮಾಡಿದರೆ ಪೈಪು ಬೆಚ್ಚಗಾಗುತ್ತದೆ, ಆದರೆ ಕೊಳಕ್ಕೆ ಸೇರುವ ಶಾಖ ಹೆಚ್ಚುವುದಿಲ್ಲ. ನಾನು ಇಷ್ಟನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಳ್ಳದೆ, "ಸೆಟ್ಟಿಂಗು 40ಕ್ಕೆ ಇಟ್ಟುಬಿಡಿ, ಬೇಗ ಕಾಯುತ್ತೆ" ಎಂದರು.

ನಾನು 40ಕ್ಕೆ ಇಟ್ಟೆ. ನಮ್ಮದು ಕಂಪ್ರೆಸರಿನ ವೇಗ ಬದಲಾಗುವ ಇನ್ವರ್ಟರ್ ಮಾದರಿಯ ಯಂತ್ರವಲ್ಲ. ಸೆಟ್ ಪಾಯಿಂಟ್ 28 ಇರಲಿ 40 ಇರಲಿ, ಅದರ ಕಂಪ್ರೆಸರ್ ಒಂದೇ ವೇಗದಲ್ಲಿ ತಿರುಗುತ್ತದೆ. ಆ ಅಂಕಿ ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆಯೇ ಹೊರತು ಎಷ್ಟು ಬೇಗ ಹೋಗಬೇಕೆಂದು ಹೇಳುವುದಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ಅವರೆದುರು ವಾದ ಬೇಡವೆಂದು ಸುಮ್ಮನಾದೆ. ಆ ಕ್ಷಣದಲ್ಲೇ, "ಸಾರ್, ಶುಕ್ರವಾರಕ್ಕೆ 28 ಆಗುವುದಿಲ್ಲ, ಗೆಸ್ಟ್‌ಗಳಿಗೆ ಈಗಲೇ ತಿಳಿಸೋಣ" ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ಗುರುವಾರ ಮಧ್ಯಾಹ್ನ ನಾಲ್ಕು ಗಂಟೆ ಕರೆಂಟು ಹೋಯಿತು. ಹೀಟರಿಗೆ ಡೀಸೆಲ್ ಜನರೇಟರಿನ ಸಂಪರ್ಕ ಇಲ್ಲದ್ದರಿಂದ ಆ ಹೊತ್ತೂ ವ್ಯರ್ಥವಾಯಿತು. ರಾತ್ರಿ ಮನೆಗೆ ಹೋಗುವ ಮುನ್ನ ಸೆಟ್ ಪಾಯಿಂಟನ್ನು 28ಕ್ಕೆ ತಂದಿಟ್ಟೆ.

ಶುಕ್ರವಾರ ನಾನು ತಲುಪಿದಾಗ ಹತ್ತು ಗಂಟೆ ದಾಟಿತ್ತು. ಹೀಟರ್ ನಿಂತಿತ್ತು, ಫಾಲ್ಟ್ ಇರಲಿಲ್ಲ, ಪ್ಯಾನೆಲ್ಲಿನಲ್ಲಿ ಹಸಿರು ಬೆಳಕಿನಲ್ಲಿ 28 ಎಂದು ಕಾಣುತ್ತಿತ್ತು. ಈ ಯಂತ್ರ ಸೆಟ್ ಮಾಡಿದ 28ಕ್ಕೆ ತಲುಪಿದೊಡನೆ ತಾನಾಗಿಯೇ ನಿಲ್ಲುತ್ತದೆ, 27ಕ್ಕೆ ಇಳಿದಾಗ ಮತ್ತೆ ಹೊರಡುತ್ತದೆ. ಮೂರು ದಿನಗಳ ಆತಂಕದ ನಂತರ ನನಗೆ ಬೇಕಾಗಿದ್ದ ದೃಶ್ಯವೇ ಅದು. ಆದ್ದರಿಂದ ಅದನ್ನು ಅನುಮಾನಿಸಲಿಲ್ಲ. ಇಪ್ಪತ್ತು ಹೆಜ್ಜೆ ನಡೆದು ನೀರಿಗೆ ಕೈ ಹಾಕಿದ್ದರೆ ಸಾಕಿತ್ತು. ಅಲ್ಲಿಯೇ ನಿಂತು ಫೋನ್ ಮಾಡಿದೆ.

ಸ್ವಲ್ಪ ಹೊತ್ತಿನಲ್ಲಿ ಪೂಲ್ ನೋಡಿಕೊಳ್ಳುವ ಹುಡುಗ, ಪಂಪಿಗೆ ಕಸ ಹೋಗದಂತೆ ತಡೆಯುವ ಸ್ಟ್ರೇನರ್ ಬಾಸ್ಕೆಟ್ ಕೈಯಲ್ಲಿ ಹಿಡಿದು ಬಂದ. "ಅಣ್ಣಾ, ಎಂಟೂವರೆಗೆ ಬ್ಯಾಕ್‌ವಾಶ್ ಮಾಡಿ ಪಂಪು, ಹೀಟರು ಎರಡೂ ಆಫ್ ಮಾಡಿದ್ದೆ. ಬಾಸ್ಕೆಟ್ ತುಂಬ ಎಲೆ, ತೊಳೆಯೋದು ಹೊತ್ತಾಯ್ತು. ಈಗ ಹಾಕ್ಲಾ?" ಎಂದ. ಬ್ಯಾಕ್‌ವಾಶ್ ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು. ನನ್ನ ಎದೆ ಧಸಕ್ಕೆಂದಿತು. ಪ್ಯಾನೆಲ್ ತೋರಿಸುವುದು ಹೀಟರಿನ ಒಳಹರಿವಿನ ಪೈಪಿನಲ್ಲಿರುವ ಸೆನ್ಸರ್ ಹೇಳಿದ್ದನ್ನು. ಎಂಟೂವರೆಯಿಂದ ಆ ಪೈಪಿನಲ್ಲಿ ನೀರು ಕದಲಿರಲಿಲ್ಲ, ಪಂಪ್ ರೂಮಿನ ಹೊರಗೋಡೆಯ ಮೇಲೆ ಹಾಯ್ದ ಆ ಪೈಪಿಗೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತಿತ್ತು. ನಾನು ಓದಿದ 28 ಒಂದೆರಡು ಬಕೆಟ್ಟಿನಷ್ಟು ನೀರಿನ ತಾಪಮಾನವಾಗಿತ್ತು.

ಅವನು ಪಂಪ್ ಹಾಕಿದ. ಪ್ರೆಷರ್ ಗೇಜಿನ ಮುಳ್ಳು ಎದ್ದಿತು. ಪ್ಯಾನೆಲ್ಲಿನ ಮೇಲಿನ ಅಂಕಿ 28ರಲ್ಲಿಯೇ ಕೆಲವು ಕ್ಷಣ ನಿಂತು 27 ಆಯಿತು, 25 ಆಯಿತು, ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ 24ಕ್ಕೆ ಇಳಿಯಿತು, ಕೊನೆಗೆ 23ರಲ್ಲಿ ನಿಂತಿತು. ಹೀಟರನ್ನೂ ಆನ್ ಮಾಡಿದೆ. ಮೂರು ನಿಮಿಷದ ಡಿಲೇ ಮುಗಿದು ಅದರ ಫ್ಯಾನ್ ತಿರುಗತೊಡಗಿದ ಸದ್ದು ನನ್ನ ಬೆನ್ನ ಹಿಂದೆ ಕೇಳಿಸಿತು, ಏಕೆಂದರೆ ಅಷ್ಟರಲ್ಲಿ ನಾನು ಓಡುತ್ತಿದ್ದೆ.

ಮಕ್ಕಳು ಆಗಲೇ ನೀರಿನಲ್ಲಿದ್ದರು, ಅವರಿಗೆ ಅದು ಹೆಚ್ಚು ಬಾಧಿಸಿದಂತಿರಲಿಲ್ಲ. ಅಜ್ಜಿ ಮಗನ ಕೈ ಹಿಡಿದು ಮೆಟ್ಟಿಲಿಳಿದು ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದರು. ಮೊಣಕಾಲು ನೋವಿಗೆ ಬೆಚ್ಚಗಿನ ನೀರಿನಲ್ಲಿ ನಡೆಯಲು ವೈದ್ಯರು ಹೇಳಿದ್ದರಂತೆ. ಅವರ ತುಟಿ ನಡುಗುತ್ತಿತ್ತು. ಮಗ ಅವರನ್ನು ಮೇಲಕ್ಕೆ ಕರೆದುಕೊಂಡ, ಹೌಸ್‌ಕೀಪಿಂಗಿನ ಹುಡುಗಿ ಎರಡು ಟವೆಲ್ ತಂದು ಹೊದಿಸಿದಳು. ನಾನು ಕ್ಷಮೆ ಕೇಳಿ, ತಪ್ಪು ನನ್ನದೇ, ನೀರನ್ನು ಅಳೆಯದೆ ಹೇಳಿಬಿಟ್ಟೆ ಎಂದೆ. ಮಗ ಸಿಟ್ಟಾಗಿದ್ದ, ಸಿಟ್ಟಾಗಲು ಕಾರಣವಿತ್ತು. ಅಜ್ಜಿ ಮಾತ್ರ, "ಬಿಸಿನೀರು ಅಂದ್ರಲ್ಲಪ್ಪಾ, ಅದಕ್ಕೇ ಇಳಿದೆ" ಎಂದರು. ಬೈದಿದ್ದರೆ ಇಷ್ಟು ದಿನ ನನ್ನ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಸೋಮವಾರದ ಮೀಟಿಂಗಿನಲ್ಲಿ ಬ್ಯಾಕ್‌ವಾಶ್ ಮಾಡಿದ ಹುಡುಗನಿಗೆ ಮೆಮೊ ಕೊಡುವ ಮಾತು ಬಂತು. ಅವನು ಲಾಗ್‌ಬುಕ್ಕಿನಲ್ಲಿ 8.30ಕ್ಕೆ ಆಫ್ ಮಾಡಿದ್ದನ್ನು ಬರೆದೇ ಇದ್ದ. ಆ ಪುಟವನ್ನು ತೆರೆಯದವನು ನಾನು. ಅದನ್ನು ತೋರಿಸಿ, ಮೆಮೊ ಕೊಡುವುದಾದರೆ ನನಗೆ ಕೊಡಿ ಎಂದು ಹೇಳಿದೆ. ಯಾರಿಗೂ ಕೊಡಲಿಲ್ಲ.

ಈಗ ಆಳದ ತುದಿಯ ಏಣಿಗೆ ನೈಲಾನ್ ದಾರದಲ್ಲಿ ಒಂದು ಥರ್ಮಾಮೀಟರ್ ಕಟ್ಟಿದ್ದೇವೆ. ಪಂಪ್ ಹಾಕಿ ಹತ್ತು ನಿಮಿಷ ಕಳೆಯುವವರೆಗೆ ಪ್ಯಾನೆಲ್ಲಿನ ಅಂಕಿಯನ್ನು ಯಾರೂ ಬರೆಯುವಂತಿಲ್ಲ. ಲಾಗ್‌ಬುಕ್ಕಿನಲ್ಲಿ ಪ್ಯಾನೆಲ್ಲಿಗೆ ಒಂದು ಕಾಲಂ, ಕೊಳಕ್ಕೆ ಒಂದು ಕಾಲಂ ಇದೆ. ಪಂಪಿನ ಟೈಮರಿನ ಮೇಲೆ ಕೆಂಪು ಟೇಪು ಅಂಟಿಸಿದ್ದೇನೆ. ಕವರಿನ ಫೈಲು ಎರಡು ಸಲ ಹಿಂದಿರುಗಿ ಬಂದಿದೆ. ಮೂರನೆಯ ಸಲ ಕಳಿಸುವಾಗ ರಾತ್ರಿ ಹತ್ತರ ಮತ್ತು ಬೆಳಿಗ್ಗೆ ಆರರ ತಾಪಮಾನಗಳನ್ನು ಬರೆದ ಹದಿನಾಲ್ಕು ದಿನಗಳ ಪುಟಗಳನ್ನು ಜೆರಾಕ್ಸ್ ಮಾಡಿಸಿ ಲಗತ್ತಿಸಿದ್ದೇನೆ.