ಟ್ಯಾಂಕಿನ ಹಿಂದಿನ ಆನೆ

ಡಿಗ್ರಿಯಲ್ಲಿ ತತ್ವಶಾಸ್ತ್ರ ತೆಗೆದುಕೊಂಡವರು ನಾವು ಮೂರೇ ಜನ. ಸಿದ್ದಾಪುರದ ಕಡೆಯಿಂದ ನಾನು, ನಾಪೋಕ್ಲಿನ ಹುಡುಗಿ ಒಬ್ಬಳು, ಸೋಮವಾರಪೇಟೆಯ ಹುಡುಗ ಒಬ್ಬ. ನನಗೆ ಆಸಕ್ತಿಯೇನೂ ಇರಲಿಲ್ಲ. ನಾನು ಕೇಳಿದ ವಿಷಯದ ಸೀಟು ಭರ್ತಿಯಾಗಿತ್ತು, ಅಷ್ಟೇ.

ಮಡಿಕೇರಿಯ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. ಕಿಟಕಿ ಮುಚ್ಚಿದರೂ ಮಂಜು ಕ್ಲಾಸಿನೊಳಗೆ ಬರುತ್ತಿತ್ತು. ಸೀಮೆಸುಣ್ಣ ತೇವ ಹಿಡಿದು ಬೋರ್ಡಿನ ಮೇಲೆ ಮೂಡುತ್ತಲೇ ಇರಲಿಲ್ಲ. ನಮ್ಮ ಮೇಷ್ಟ್ರು ಮೈಸೂರಿನವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಮಫ್ಲರ್ ಬಿಚ್ಚಿದ್ದನ್ನು ನಾವು ನೋಡಿಲ್ಲ. ‘ನೀವು ನೋಡಿಲ್ಲ ಅಂದ್ರೆ ನಾನು ಬಿಚ್ಚೇ ಇಲ್ಲ ಅಂತಾನಾ?’ ಎಂದು ಅದಕ್ಕೂ ಒಂದು ಪ್ರಶ್ನೆ ಹಾಕುತ್ತಿದ್ದರು.

ಮೊದಲ ದಿನವೇ ಜೇಬಿನಿಂದ ಏನೋ ತೆಗೆದು ಮುಷ್ಟಿ ಹಿಡಿದರು. ‘ಕಾಫಿ ಬೀಜ. ಎಷ್ಟಿವೆ?’ ನಾನು ಸುಮ್ನೆ ಐದು ಅಂದೆ. ಮುಷ್ಟಿ ಬಿಚ್ಚಿದರೆ ಐದೇ ಇದ್ದವು.

‘ನಿನಗೆ ಗೊತ್ತಿತ್ತಾ?’

‘ಇಲ್ಲ ಸಾರ್.’

‘ಉತ್ತರ ಸರಿ ಇದೆಯಲ್ಲ ಮಾರಾಯ!’ (‘ಮಾರಾಯ’ ಅನ್ನುವುದನ್ನು ಅವರು ಇಲ್ಲಿಗೆ ಬಂದ ಮೇಲೆ ಕಲಿತದ್ದು.)

ಹನ್ನೆರಡನೇ ಶತಮಾನದ ವೇದಾಂತಿ ಶ್ರೀಹರ್ಷ ತನ್ನ ‘ಖಂಡನಖಂಡಖಾದ್ಯ’ದಲ್ಲಿ ಕವಡೆ ಹಿಡಿದು ಇದೇ ಆಟ ಆಡಿದ್ದಾನೆ ಎಂದು ಆಮೇಲೆ ತಿಳಿಯಿತು. ಮಡಿಕೇರಿಯಲ್ಲಿ ಕವಡೆಗಿಂತ ಕಾಫಿ ಬೀಜ ಸಲೀಸು, ಅಲ್ವಾ?

ಬಾಯಿಗೆ ಬಂದದ್ದು ಸರಿಹೋದರೆ ಅದು ತಿಳಿವಳಿಕೆ ಅಲ್ಲ. ನಂಬಿಕೆ ಇರಬೇಕು, ಅದು ನಿಜವಾಗಿರಬೇಕು, ನಂಬುವುದಕ್ಕೆ ಕಾರಣವೂ ಇರಬೇಕು. ಪ್ಲೇಟೋನ ‘ಥಿಯೇಟಿಟಸ್’ ಎಂಬ ಸಂವಾದದಲ್ಲಿ ಸುಮಾರು ಇಂಥದೇ ಉತ್ತರ ಬರುತ್ತದೆ. ಸಾಕ್ರಟೀಸನಿಗೆ ಅದು ಒಪ್ಪಿಗೆಯಾಗುವುದಿಲ್ಲ. ನಮಗೆ ಪೂರ್ತಿ ಒಪ್ಪಿಗೆಯಾಗಿತ್ತು. ಮೂರು ಅಂಶ, ಪರೀಕ್ಷೆಗೆ ಬರೆಯಲು ಸುಲಭ.

ಅದನ್ನು ಕೆಡಿಸಿದ್ದು ಆನೆ. ಆಗ ಅಪ್ಪ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಗುಮಾಸ್ತ. ಜುಲೈನ ಒಂದು ಸಂಜೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದು ಬರುತ್ತಿದ್ದೆ. ಆರೂವರೆ ಇರಬೇಕು, ಮಂಜು ಬೇರೆ. ತಿರುವಿನಲ್ಲಿ, ರೋಬಸ್ಟಾ ಗಿಡಗಳ ಮೇಲೆ, ಕರ್ರಗೆ ದುಂಡನೆಯ ಬೆನ್ನು. ಅಲ್ಲಾಡದೆ ನಿಂತಿತ್ತು. ಹಲಸು ಹಣ್ಣಾಗುವ ಕಾಲ, ಆನೆ ಬರುವುದೇ ಆಗ. ತಿರುಗಿ ನೋಡದೆ ಓಡಿದೆ. ಸುತ್ತು ಬಳಸಿ, ಜಿಗಣೆ ಕಚ್ಚಿಸಿಕೊಂಡು, ಒಂದು ಚಪ್ಪಲಿ ಕಳೆದುಕೊಂಡು ಮನೆ ಸೇರಿದೆ. ಅಮ್ಮ ನಕ್ಕಳು. ‘ಅದು ಆನೆಯಲ್ಲ ಮಗಾ, ಇವತ್ತು ಮಧ್ಯಾಹ್ನ ತಂದಿಟ್ಟ ಸಿಂಟೆಕ್ಸ್ ಟ್ಯಾಂಕು.’

ಬೆಳಿಗ್ಗೆ ಅಪ್ಪ ಆ ಕಡೆ ಹೋಗಿ ಬಂದವರು ನಗಲಿಲ್ಲ. ಟ್ಯಾಂಕಿನ ಹಿಂದೆ ಇಳಿಜಾರಿನಲ್ಲಿ ಹಲಸಿನ ಮರ. ಬುಡದಲ್ಲೆಲ್ಲ ಸಿಪ್ಪೆ, ತುಳಿದ ಗಿಡ, ಬೀಜ ತುಂಬಿದ ಲದ್ದಿ. ಒಂಟಿ ಆನೆ ಐದು ಗಂಟೆಯಿಂದ ಅಲ್ಲೇ ಇತ್ತಂತೆ, ಎಂಟಕ್ಕೆ ವಾಚ್‌ಮ್ಯಾನ್ ಪಟಾಕಿ ಹೊಡೆದು ಅಟ್ಟಿದನಂತೆ.

ಕ್ಲಾಸಿನಲ್ಲಿ ಇದನ್ನು ತಮಾಷೆಗೆ ಹೇಳಿದೆ. ಮೇಷ್ಟ್ರು ಪುಸ್ತಕ ಮುಚ್ಚಿದರು. ‘ಹಾಗಾದರೆ, ನಿನ್ನೆ ಸಂಜೆ ಅಲ್ಲಿ ಆನೆ ಇದೆ ಅಂತ ನಿನಗೆ ಗೊತ್ತಿತ್ತಾ?’

ಸೋಮವಾರಪೇಟೆಯವನು ಗೊತ್ತಿತ್ತು ಅಂದ. ನಂಬಿದ್ದ, ಕಾರಣ ಇತ್ತು, ಆನೆಯೂ ಇತ್ತು, ಇನ್ನೇನು ಬೇಕು? ನಾಪೋಕ್ಲಿನವಳು ತಲೆಯಾಡಿಸಿದಳು. ‘ಆನೆ ಬಾರದೇ ಇದ್ದಿದ್ರೂ ಇವನು ಹೀಗೇ ಓಡ್ತಿದ್ದ ಸಾರ್.’

ಮೇಷ್ಟ್ರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಗಂಟೆ ಹೊಡೆದರೂ ಬಿಡಲಿಲ್ಲ. ಎಡ್ಮಂಡ್ ಗೆಟಿಯರ್ ಎಂಬ ಅಮೆರಿಕದ ಮೇಷ್ಟ್ರು 1963ರಲ್ಲಿ ಮೂರೇ ಪುಟದ ಲೇಖನ ಬರೆದು, ಈ ಮೂರೂ ಇದ್ದರೂ ತಿಳಿವಳಿಕೆ ಆಗದೇ ಹೋಗಬಹುದು ಎಂದು ತೋರಿಸಿದನಂತೆ. ಅದಕ್ಕೂ ಸಾವಿರ ವರ್ಷಕ್ಕಿಂತ ಜಾಸ್ತಿ ಹಿಂದೆ, ಎಂಟನೇ ಶತಮಾನದಲ್ಲಿ, ಬೌದ್ಧ ಪಂಡಿತ ಧರ್ಮೋತ್ತರ ಇಂಥದೇ ಕಥೆ ಹೇಳಿದ್ದಾನೆ. ಮಾಂಸ ಸುಡಲು ಬೆಂಕಿ ಹಚ್ಚಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ. ಮಾಂಸಕ್ಕೆ ಮುತ್ತಿದ ಹುಳುಗಳನ್ನು ದೂರದಿಂದ ನೋಡಿದವನು ಹೊಗೆ ಎಂದುಕೊಂಡು ‘ಅಲ್ಲಿ ಬೆಂಕಿ ಇದೆ’ ಅನ್ನುತ್ತಾನೆ. ಬೆಂಕಿ ಇದೆ ನಿಜ. ಅವನು ನೋಡಿದ್ದು ಮಾತ್ರ ಹುಳು. ನನ್ನ ಟ್ಯಾಂಕಿನ ಹಾಗೆ.

ಎಂಎಗೆ ಮೈಸೂರಿಗೆ ಹೋದಾಗ ಇನ್ನೊಂದು ವಿಷಯ ಸಿಕ್ಕಿತು. ನಾಪೋಕ್ಲಿನವಳು ಹೇಳಿದ ಮಾತನ್ನೇ ಹೆಚ್ಚುಕಡಿಮೆ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1981ರಲ್ಲಿ ಒಂದು ಸಿದ್ಧಾಂತವಾಗಿ ಬರೆದಿದ್ದ. ಅವಳಿಗೆ ಕಾಗದ ಹಾಕಿದೆ. ಒಂದು ಸಾಲಿನ ಉತ್ತರ ಬಂತು: ‘ಚಪ್ಪಲಿ ಸಿಕ್ಕಿತಾ?’

ಉಳಿದ ಪಾಠಗಳು ಅಷ್ಟು ನೆನಪಿಲ್ಲ. 1641ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಒಲೆಯ ಪಕ್ಕ ಕೂತು, ಇದು ಕನಸಲ್ಲ ಅಂತ ಹೇಗೆ ನಂಬಲಿ ಎಂದು ಕೇಳಿದ್ದು ನೆನಪಿದೆ. ಆ ಚಳಿಯಲ್ಲಿ ನಮಗೆ ಅವನ ಸಂಶಯಕ್ಕಿಂತ ಒಲೆಯ ಮೇಲೆಯೇ ಆಸೆ. ಪರಲೋಕ ಒಪ್ಪದ ನಮ್ಮ ಚಾರ್ವಾಕರು ಕಣ್ಣಿಗೆ ಕಂಡದ್ದನ್ನಾದರೂ ಒಪ್ಪಿದರು, ಸಂಶಯವಾದಿ ಜಯರಾಶಿ ಭಟ್ಟ ಅದನ್ನೂ ಒಪ್ಪಲಿಲ್ಲ. ಮೇಷ್ಟ್ರಿಗೆ ಹಿಡಿಸಿದವನು ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್. ಎಲ್ಲವನ್ನೂ ಸಂಶಯಪಟ್ಟು ತಲೆಕೆಟ್ಟಾಗ ಊಟ ಮಾಡುತ್ತೇನೆ, ಸ್ನೇಹಿತರ ಜೊತೆ ದಾಳದ ಆಟ ಆಡುತ್ತೇನೆ ಎಂದು ಬರೆದುಕೊಂಡವನು. ಅದನ್ನು ಹೇಳಿ ಮೇಷ್ಟ್ರು ನಮ್ಮನ್ನು ಕ್ಯಾಂಟೀನಿಗೆ ಕರೆದೊಯ್ದದ್ದೂ ಇದೆ.

ಈಗ ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಬಂದರೆ ಸುದ್ದಿ ಬರುತ್ತದೆ. ನೈಯಾಯಿಕರ (ನ್ಯಾಯ ದರ್ಶನದವರ) ಲೆಕ್ಕದಲ್ಲಿ ಇದು ಶಬ್ದ ಪ್ರಮಾಣ, ಅಂದರೆ ಇನ್ನೊಬ್ಬರ ಮಾತಿನಿಂದ ತಿಳಿಯುವುದು, ಹೇಳಿದವನು ನಂಬಿಕಸ್ಥನಾಗಿದ್ದರೆ ಮಾತ್ರ. ಹೋದ ವಾರ ‘ಸ್ಕೂಲ್ ರಸ್ತೆಯಲ್ಲಿ ಆನೆ’ ಎಂದು ಬಂತು. ಹಾಕಿದವರಿಗೆ ಫೋನ್ ಮಾಡಿ ‘ನೀವೇ ನೋಡಿದ್ರಾ?’ ಅಂದೆ. ಅವರಿಗೆ ಇನ್ಯಾರೋ ಕಳಿಸಿದ್ದಂತೆ, ಆ ಇನ್ಯಾರೋ ಫೋನ್ ಎತ್ತಲಿಲ್ಲ. ಮಂಜು ಇಳಿಯುತ್ತಿತ್ತು. ಜೀಪ್ ತೆಗೆದು ಮಗಳನ್ನು ಕರೆತರಲು ಹೊರಟೆ.