ಮಣಿಕಟ್ಟಿನ ತಪ್ಪಲ್ಲ

ಶೂಟಿಂಗ್ ರೇಂಜಿನಲ್ಲಿ ಹೆಣ್ಣುಮಗಳೊಬ್ಬಳ ಪಿಸ್ತೂಲು ಜಾಮ್ ಆದರೆ ಅಕ್ಕಪಕ್ಕದವರು ಮೊದಲು ನೋಡುವುದು ಅವಳ ಮಣಿಕಟ್ಟನ್ನು. "ಕೈ ಸಡಿಲ ಬಿಟ್ಟಿದ್ದೀಯ, ಗಟ್ಟಿಯಾಗಿ ಹಿಡ್ಕೋ" ಅನ್ನುತ್ತಾರೆ. ಕಳೆದ ಚಳಿಗಾಲದ ಒಂದು ಶನಿವಾರ, ಡಲ್ಲಾಸ್ ಹೊರಗಿನ ಬಯಲು ರೇಂಜಿನಲ್ಲಿ ನನ್ನ ಗೆಳತಿ ಬೆಳಗ್ಗೆಯಿಂದ ಇದನ್ನೇ ಕೇಳುತ್ತಿದ್ದಳು. ಮೊದಲು ಅವಳ ಗಂಡ ಹೇಳಿದರು. ಆಮೇಲೆ ಪಕ್ಕದ ಲೇನಿನ ಹಿರಿಯರೊಬ್ಬರು ಬಂದು, ಹೇಗೆ ಹಿಡಿಯಬೇಕು ಅಂತ ಪಾಠ ಮಾಡಿ ಹೋದರು. ಅವಳು ಎಲ್ಲದಕ್ಕೂ ಸುಮ್ನೆ ತಲೆಯಾಡಿಸಿದಳು. ಸಿಟ್ಟು ಬಂದದ್ದು ನನಗೆ.

ಅವಳು ಕೊಡಗಿನ ವಿರಾಜಪೇಟೆ ಕಡೆಯವಳು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದಳು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ 12 ಬೋರಿನ ಕೋವಿ ಹಿಡಿದು ನಿಂತವಳು. ಆ ಕೋವಿಯ ಒದೆತ ಒಮ್ಮೆ ಭುಜಕ್ಕೆ ಬಿದ್ದವರು ಯಾರೂ ಅವಳ ಕೈಯಲ್ಲಿ ಬಲವಿಲ್ಲ ಅನ್ನಲಾರರು. ಇಲ್ಲಿ ಎಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಕಾದು, ಆಮೇಲೆ ಆಸೆಪಟ್ಟು ಒಂದು ಪುಟ್ಟ ಪಾಯಿಂಟ್ 22 ಪಿಸ್ತೂಲು ತೆಗೆದುಕೊಂಡಿದ್ದಳು. ಜೊತೆಗೆ ಅಂಗಡಿಯವರು ಕೊಟ್ಟ ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ಸಾಮಾನ್ಯ ವೇಗದ, ತೋಟೆಗಳ ಡಬ್ಬಿಗಳು.

ತೊಂದರೆ ಹೀಗಿತ್ತು. ಎರಡು ಮೂರು ಗುಂಡು ಸರಿಯಾಗಿ ಹೋಗುತ್ತದೆ. ಆಮೇಲೆ ಖಾಲಿ ತೋಟೆ ಹೊರಗೆ ಹಾರದೆ, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಕೆಲವು ಸಲ ಖಾಲಿ ತೋಟೆ ಹಾರಿರುತ್ತದೆ, ಆದರೆ ಹೊಸದು ಒಳಗೆ ಬಂದಿರುವುದಿಲ್ಲ. ಟ್ರಿಗರ್ ಒತ್ತಿದರೆ 'ಟಿಕ್' ಅಷ್ಟೇ.

ನಾನು ಅವಳ ಗಂಡನಿಗೆ ಹೇಳಿದೆ, "ನೀವೇ ಒಂದು ಮ್ಯಾಗಜೀನ್ ಹೊಡೆದು ನೋಡಿ." ಮ್ಯಾಗಜೀನ್ ಅಂದರೆ ಪಿಸ್ತೂಲಿನ ಹಿಡಿಯೊಳಗೆ ಕೂರುವ ತೋಟೆಯ ಪೆಟ್ಟಿಗೆ. ಅವರು ಆರಡಿ ಆಳು. ದಿನಾ ಜಿಮ್‌ಗೆ ಹೋಗುವವರು. ಅವರ ಕೈಯಲ್ಲೂ ಜಾಮ್ ಆಯಿತು. ನನ್ನ ಕೈಯಲ್ಲೂ ಆಯಿತು. ಅಲ್ಲಿಗೆ ಮಣಿಕಟ್ಟಿನ ಮಾತು ಮುಗಿಯಬೇಕಿತ್ತು, ಅಲ್ವಾ? ಅವರು ಹೇಳಿದ್ದು, "ಹಾಗಾದರೆ ಪಿಸ್ತೂಲೇ ಸರಿ ಇಲ್ಲ, ವಾಪಸ್ ಕೊಡೋಣ."

ಅವರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಅವರ ಹತ್ತಿರ ಇರುವುದು 9 ಎಂ.ಎಂ. ಅದಕ್ಕೆ ಯಾವ ಡಬ್ಬಿಯ ತೋಟೆ ಹಾಕಿದರೂ ಓಡುತ್ತದೆ. ಆ ತೋಟೆಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಇದೆ. ಪಾಯಿಂಟ್ 22ರ ಗುಂಡು 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಪಿಸ್ತೂಲಿನ ಗಿಡ್ಡ ನಳಿಗೆಯಿಂದ ಹೊರಟಾಗ ಅದರ ಶಕ್ತಿ 9 ಎಂ.ಎಂ. ಗುಂಡಿನ ಕಾಲು ಭಾಗದ ಆಸುಪಾಸು. ಈ ಚೂರು ಶಕ್ತಿಯಲ್ಲೇ ಸ್ಲೈಡ್ ಹಿಂದಕ್ಕೆ ಹೋಗಬೇಕು, ಸ್ಪ್ರಿಂಗ್ ಅದುಮಬೇಕು, ಖಾಲಿ ತೋಟೆ ಹೊರಗೆಸೆಯಬೇಕು, ಸುತ್ತಿಗೆಯಂತೆ ಬಡಿಯುವ ಭಾಗವಾದ ಕುದುರೆಯನ್ನು ಎಳೆದು ನಿಲ್ಲಿಸಬೇಕು. ಮುಂದೆ ಬರುವಾಗ ಹೊಸ ತೋಟೆ ಎತ್ತಿಕೊಳ್ಳಬೇಕು. ಸ್ಲೈಡನ್ನು ಹಿಡಿದಿಡಲು ಬೀಗದಂಥದ್ದು ಏನೂ ಇಲ್ಲ, ಅದರ ತೂಕ ಮತ್ತು ಸ್ಪ್ರಿಂಗ್ ಅಷ್ಟೇ. ಹೊಸ ಪಿಸ್ತೂಲಿನ ಸ್ಪ್ರಿಂಗ್ ಬಿಗಿ. ತೋಟೆ ಸ್ವಲ್ಪ ಮೆತ್ತಗಿದ್ದರೂ ಸ್ಲೈಡ್ ಅರ್ಧ ದಾರಿಯಿಂದಲೇ ವಾಪಸ್. ಖಾಲಿ ತೋಟೆ ಸಿಕ್ಕಿಕೊಳ್ಳುವುದೂ ಹೊಸದು ಬಾರದಿರುವುದೂ ಇದರದೇ ಗುರುತು. ಕೈ ನಿಜವಾಗಿಯೂ ಸಡಿಲವಿದ್ದರೂ ಹೀಗೆ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮೂವರ ಕೈಯಲ್ಲೂ ಆದರೆ ಕೈ ಬಿಟ್ಟು ಬೇರೆ ಕಡೆ ನೋಡಬೇಕು.

ನನ್ನ ಬ್ಯಾಗಿನಲ್ಲಿ ಸಿಸಿಐ ಮಿನಿ-ಮ್ಯಾಗ್ ಇತ್ತು. ಇಡಾಹೋದ ಲೂಯಿಸ್ಟನ್‌ನಲ್ಲಿ ತಯಾರಾಗುವ ಹೈ ವೆಲಾಸಿಟಿ ತೋಟೆ. ಡಬ್ಬಿಯ ಮೇಲೆ ಸೆಕೆಂಡಿಗೆ 1,235 ಅಡಿ ಅಂತ ಇರುತ್ತದೆ. ಅದೇ ಕಂಪನಿಯ ಸ್ಟ್ಯಾಂಡರ್ಡ್ ತೋಟೆಗೆ 1,070 ಅಡಿ. ಎರಡೂ ರೈಫಲ್ ನಳಿಗೆಯ ಲೆಕ್ಕ, ಪಿಸ್ತೂಲಿನಲ್ಲಿ ಕಡಿಮೆಯೇ ಬರುತ್ತದೆ. ಅಂತರ ಮಾತ್ರ ಸಣ್ಣದಲ್ಲ. "ಇದನ್ನು ಹಾಕಿ ಹೊಡಿಯೇ, ಕೈ ಹೇಗಿತ್ತೋ ಹಾಗೇ ಇರಲಿ" ಅಂದೆ.

ಮ್ಯಾಗಜೀನ್ ಪೂರ್ತಿ ಖಾಲಿಯಾಯಿತು. ಎಲ್ಲೂ ನಿಲ್ಲಲಿಲ್ಲ. ಅವಳು ತಿರುಗಿ ನೋಡಲಿಲ್ಲ, ಇನ್ನೊಂದು ತುಂಬಿದಳು. ಅದೂ ಹೋಯಿತು. ಅದೇ ಕೈ, ಅದೇ ಪಿಸ್ತೂಲು, ಬದಲಾದದ್ದು ತೋಟೆ ಒಂದೇ. ಗಂಡ ಬಂದು "ಸಾರಿ" ಅಂದರು. ಅದಕ್ಕೆ ಅವರನ್ನು ಮೆಚ್ಚಬೇಕು.

ಸ್ಪ್ರಿಂಗಿಗೂ ತೋಟೆಗೂ ಇರುವ ಈ ನಂಟು ಹೊಸದೇನಲ್ಲ. ಈ ಪಾಯಿಂಟ್ 22 ತೋಟೆ, ಪೂರ್ತಿ ಹೆಸರು ಪಾಯಿಂಟ್ 22 ಲಾಂಗ್ ರೈಫಲ್, ಬಂದದ್ದು 1887ರಲ್ಲಿ. ತಾನೇ ಹೊಸ ತೋಟೆ ಎತ್ತಿಕೊಳ್ಳುವ ಪಿಸ್ತೂಲು ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಪಾಯಿಂಟ್ 22 ಪಿಸ್ತೂಲನ್ನು ಕೋಲ್ಟ್ ಕಂಪನಿ 1915ರಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಅದಕ್ಕೆ ವುಡ್ಸ್‌ಮನ್ ಅಂತ ಹೆಸರಾಯಿತು. ಅದನ್ನು ಕಟ್ಟಿದ್ದು ಸ್ಟ್ಯಾಂಡರ್ಡ್ ತೋಟೆಗೆ. 1930ರ ಸುಮಾರಿಗೆ ಹೈ ವೆಲಾಸಿಟಿ ತೋಟೆಗಳು ಬಂದಾಗ ಅದರ ಹಿಂಭಾಗವನ್ನು ಗಟ್ಟಿ ಮಾಡಬೇಕಾಯಿತು. ಅಲ್ಲಿ ತೋಟೆ ಜೋರಾಯಿತು, ಇಲ್ಲಿ ಗೆಳತಿಯ ಪಿಸ್ತೂಲಿಗೆ ಮೆತ್ತಗಾಯಿತು.

ಮಧ್ಯಾಹ್ನದ ಹೊತ್ತಿಗೆ ಬೇರೆ ಥರದ ಜಾಮ್ ಶುರುವಾಯಿತು. ತೋಟೆಯ ಮೂತಿ ಕೆಳಕ್ಕೆ ಬಾಗಿ, ಮ್ಯಾಗಜೀನಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಗಮನಿಸಿದರೆ ಎರಡು ಮ್ಯಾಗಜೀನುಗಳಲ್ಲಿ ಒಂದರಲ್ಲಿ ಮಾತ್ರ. ಪಾಯಿಂಟ್ 22 ತೋಟೆಯ ಬುಡಕ್ಕೆ ಹೊರಗೆ ಚಾಚಿದ ಅಂಚು ಇರುತ್ತದೆ. ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಮೇಲಿನದು ಮುಂದಕ್ಕೆ ಜಾರುವಾಗ ಕೆಳಗಿನದಕ್ಕೆ ತಗುಲುತ್ತದೆ. ನಿಧಾನಕ್ಕೆ, ಒಂದೊಂದನ್ನೇ ನೋಡಿ ತುಂಬಿದೆವು. ಆ ಮ್ಯಾಗಜೀನ್ ಆಗಲೂ ಕೈಕೊಟ್ಟಿತು. ಅದರ ಬಾಯಿ ಒಂದು ಕಡೆ ಚೂರು ಅಗಲವಾಗಿತ್ತು. ಮ್ಯಾಗಜೀನುಗಳ ತಳಕ್ಕೆ ನಂಬರ್ ಬರೆದಿಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ. ಇಲ್ಲದಿದ್ದರೆ ಯಾವುದು ಕೆಟ್ಟದ್ದು ಅಂತ ಗೊತ್ತೇ ಆಗುವುದಿಲ್ಲ, ಬೈಗುಳ ಪಿಸ್ತೂಲಿಗೆ ಬೀಳುತ್ತದೆ.

ಸಿಡಿಯದ ತೋಟೆಯೂ ಒಂದು ಸಿಕ್ಕಿತು. ಇದರಲ್ಲಿ ನಡುವೆ ಬೇರೆ ಕೇಪು ಇರುವುದಿಲ್ಲ. ಸಿಡಿಯುವ ಮದ್ದು ಅಂಚಿನ ಒಳಗೇ ಸುತ್ತ ಹರಡಿರುತ್ತದೆ. ಮದ್ದು ತೆಳುವಾಗಿರುವ ಕಡೆಯೇ ಪಿನ್ ಬಿದ್ದರೆ ಬೆಂಕಿ ಹತ್ತದೆ ಹೋಗಬಹುದು. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯ್ದೆವು, ತಡವಾಗಿ ಸಿಡಿದರೆ ಅಂತ. ಆಮೇಲೆ ಹೊರತೆಗೆದು, ರೇಂಜಿನಲ್ಲಿ ಅಂಥವಕ್ಕೆ ಇಟ್ಟಿದ್ದ ಡಬ್ಬಿಗೆ ಹಾಕಿದೆವು. ಇನ್ನೂ ದೊಡ್ಡ ಅಪಾಯ, ಶಬ್ದ ಟುಸ್ ಪಟಾಕಿಯ ಹಾಗೆ ಬಂದಾಗ. ಗುಂಡು ನಳಿಗೆಯಲ್ಲೇ ನಿಂತಿರಬಹುದು. ಆಗ ಜಾಮ್ ಅಂತ ತಿಳಿದು ಸ್ಲೈಡ್ ಎಳೆದು ಮತ್ತೆ ಹೊಡೆಯಲೇಬಾರದು. ಖಾಲಿ ಮಾಡಿ ನಳಿಗೆ ನೋಡಲೇಬೇಕು. ಅವತ್ತು ಹಾಗಾಗಲಿಲ್ಲ, ಆದರೂ ಅವಳಿಗೆ ಇದನ್ನು ಒತ್ತಿ ಒತ್ತಿ ಹೇಳಿದೆ.

"ಇದು ಮನೆ ಕಾವಲಿಗೆ ಆಗುತ್ತಾ ಮಾರಾಯ್ತಿ?" ಅಂತ ಕೇಳಿದಳು. ಬೇಡ ಅಂದೆ. ಗುರಿ ಕಲಿಯಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ, ಆದರೆ ಜೀವ ಇದರ ಮೇಲೆ ನಿಂತಿರಬಾರದು. ಬ್ರೌನಿಂಗ್ 1905ರ ಹೊತ್ತಿಗೆ ಜೇಬಿನ ಪಿಸ್ತೂಲಿಗೆಂದು 6.35 ಎಂ.ಎಂ. ತೋಟೆ ರೂಪಿಸಿದರು. ಶಕ್ತಿಯಲ್ಲಿ ಪಾಯಿಂಟ್ 22ರ ಹತ್ತಿರವೇ ಇದೆ. ಆದರೆ ಕೇಪು ನಡುವೆ, ಅಂಚು ಬಹಳ ಚಿಕ್ಕದು. ಶಕ್ತಿ ಹೆಚ್ಚದಿದ್ದರೂ ನಂಬಿಕೆ ಹೆಚ್ಚುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಸ್ಟ್ಯಾಂಡರ್ಡ್ ತೋಟೆ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ನನ್ನದು ರುಗರ್ ಮಾರ್ಕ್ 4 ಪಿಸ್ತೂಲು. ಉದ್ದ ನಳಿಗೆ ಅಲುಗಾಡದೆ ಕೂತಿರುತ್ತದೆ, ಒಳಗೆ ಸಣ್ಣ ಬೋಲ್ಟ್ ಮಾತ್ರ ಓಡಾಡುತ್ತದೆ. ಅದು ಸ್ಟ್ಯಾಂಡರ್ಡ್ ತೋಟೆಯಲ್ಲಿ ಆರಾಮವಾಗಿ ಓಡುತ್ತದೆ, ಗುರಿಯೂ ಹೈ ವೆಲಾಸಿಟಿಗಿಂತ ಚೆನ್ನಾಗಿ ಕೂರುತ್ತದೆ. ಒಲಿಂಪಿಕ್ಸಿನ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲೂ ಬಳಸುವುದು ಪಾಯಿಂಟ್ 22 ತೋಟೆಯನ್ನೇ. ಅಲ್ಲಿ ಜಾಮ್ ಆದರೆ ಶೂಟರ್ ಪಿಸ್ತೂಲನ್ನು ಸರಿಮಾಡಲು ಹೋಗದೆ, ಗುರಿಯ ಕಡೆಗೇ ಹಿಡಿದು, ಇನ್ನೊಂದು ಕೈ ಎತ್ತಬೇಕು. ಅಧಿಕಾರಿ ಬಂದು ಪರೀಕ್ಷಿಸುತ್ತಾರೆ. ತೋಟೆ ಸಿಡಿಯದಿದ್ದರೆ, ಖಾಲಿ ತೋಟೆ ಸಿಕ್ಕಿಕೊಂಡಿದ್ದರೆ ಶೂಟರ್‌ಗೆ ಮತ್ತೆ ಹೊಡೆಯಲು ಅವಕಾಶ ಸಿಗುತ್ತದೆ. ಸೇಫ್ಟಿ ತೆಗೆಯಲು ಮರೆತಿದ್ದರೆ ಸಿಗುವುದಿಲ್ಲ. ಯಾರ ತಪ್ಪು ಅಂತ ಹೇಳುವ ಮುಂಚೆ ಆಯುಧವನ್ನು ನೋಡುತ್ತಾರೆ. ನನಗೆ ಆ ನಿಯಮ ಬಹಳ ಇಷ್ಟ.

ಸಂಜೆ ಪಿಸ್ತೂಲು ಬಿಚ್ಚಿದಾಗ ಒಳಗೆಲ್ಲ ಮಸಿ, ಗುಂಡಿನ ಮೇಲಿನ ಮೇಣ, ಸೀಸದ ಪುಡಿ. ಒರೆಸಿ, ಎಣ್ಣೆ ಹಚ್ಚಿ, ಸೋಪು ಹಾಕಿ ಕೈ ತೊಳೆದೆವು. ಕೆಟ್ಟ ಮ್ಯಾಗಜೀನನ್ನು ಅಂಗಡಿಗೆ ವಾಪಸ್ ಕೊಟ್ಟಳು, ಪಿಸ್ತೂಲು ಉಳಿಸಿಕೊಂಡಳು. ಅವಳ ಹತ್ತಿರ ಉಳಿದಿದ್ದ ಸ್ಟ್ಯಾಂಡರ್ಡ್ ಡಬ್ಬಿಗಳನ್ನು ನಾನು ಕೊಂಡುಕೊಂಡೆ. ಈಗ ತಿಂಗಳಿಗೊಮ್ಮೆ ನಡೆಯುವ ಪಾಯಿಂಟ್ 22 ಮ್ಯಾಚಿಗೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ಹೊಸಬರ ಪಿಸ್ತೂಲು ಜಾಮ್ ಆದರೆ ಅವಳು ಹೋಗಿ ಮೊದಲು ಕೇಳುವುದು, "ಯಾವ ತೋಟೆ ಹಾಕಿದ್ದೀರಿ?"