ಅಯ್ಯೋ, ಅಷ್ಟು ದೂರಾನಾ?

ಮದುವೆ ಮನೇಲಿ ಯಾರಾದ್ರೂ ಎಲ್ಲಪ್ಪಾ ಇರೋದು ಅಂತ ಕೇಳಿದ್ರೆ ಕೆಂಗೇರಿ ಉಪನಗರ ಅಂತೀನಿ, ಕೈಲಿರೋ ಕಾಫಿ ಲೋಟ ಅಲ್ಲೇ ನಿಲ್ಲುತ್ತೆ, "ಅಯ್ಯೋ, ಅಷ್ಟು ದೂರಾನಾ?" ಹೀಗೆ ಕೇಳೋರು ದಿನಾ ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಎರಡು ಗಂಟೆ ಕ್ಯಾಬಲ್ಲಿ ಕೂತು ಹೋಗೋರು ಬೇರೆ.

ಉಪನಗರ ಅನ್ನೋ ಪದಾನ ಬೆಂಗಳೂರಲ್ಲಿ ಬಸ್ ಬೋರ್ಡು ಬಿಟ್ರೆ ಬಳಸೋದೇ ಕಮ್ಮಿ. ಕೆಂಗೇರಿ ಉಪನಗರ, ಯಲಹಂಕ ಉಪನಗರ, ಹೆಚ್ಚುಕಮ್ಮಿ ಅಲ್ಲಿಗೆ ಮುಗೀತು. ಮಿಕ್ಕಿದ್ದೆಲ್ಲ ಎಕ್ಸ್‌ಟೆನ್ಷನ್ನು, ಬಡಾವಣೆ, ಲೇಔಟು. ಎಕ್ಸ್‌ಟೆನ್ಷನ್ ಅಂದ್ರೆ ಹಳೇ ಮನೆತನ, ಮುಂದೆ ಸಂಪಿಗೆ ಮರ. ಲೇಔಟ್ ಅಂದ ತಕ್ಷಣ ಮೊದಲ ಪ್ರಶ್ನೆ ಕಾಗದಪತ್ರ ಸರಿ ಇರೋ ಎ ಖಾತಾನಾ ಇಲ್ಲ ಅರೆಬರೆ ಬಿ ಖಾತಾನಾ, ಎರಡನೇದು ಕಾವೇರಿ ನೀರು ಬರುತ್ತಾ.

ತಮಾಷೆ ಏನಂದ್ರೆ ಇವತ್ತು ನಮ್ಮನ್ನ ಹೀಗೆ ನೋಡೋ ಬಸವನಗುಡಿ, ಮಲ್ಲೇಶ್ವರಗಳೇ ಒಂದು ಕಾಲಕ್ಕೆ ಊರಾಚೆ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸಾಯೋಕೆ ಶುರುವಾದಾಗ ಗಾಳಿ ಬೆಳಕು ಇರಲಿ ಅಂತ ಅಗಲ ರಸ್ತೆ, ಮನೆ ಹಿಂದೆ ಕೊಳೆ ಸಾಗಿಸೋ ಕನ್ಸರ್ವೆನ್ಸಿ ಓಣಿ ಎಲ್ಲ ಇಟ್ಟು ಬೆಳೆಸಿದ ಜಾಗ ಅವು. ಆಗ ಚಿಕ್ಕಪೇಟೆಯವರು ಬಸವನಗುಡಿಗೆ ಹೆಣ್ಣು ಕೊಡೋಕೆ ಎಷ್ಟು ಯೋಚನೆ ಮಾಡಿದ್ರೋ!

ನಮಗಂತೂ ದೂರದ ಜೊತೆ ಮೋರಿನೂ ಅಂಟಿಕೊಂಡಿದೆ. ಮೈಸೂರು ರೋಡ್ ಪಕ್ಕದಲ್ಲೇ ಹರಿಯೋ ವೃಷಭಾವತಿ ಪುಣ್ಯ, "ಕೆಂಗೇರಿ ಮೋರಿ" ಅಂತ ಜೋಕ್ ಮಾಡದ ನೆಂಟರಿಲ್ಲ. ಆ ಕೊಳಚೆ ಸಿಟಿಯಿಂದಾನೇ ಬರ್ತಿರೋದು ಸ್ವಾಮಿ, ಮಲ್ಲೇಶ್ವರ ಬಸವನಗುಡಿ ಕಡೆದೂ ಅದ್ರಲ್ಲೇ ಇದೆ, ನಾವು ಬರೀ ಮೂಗು ಮುಚ್ಕೊಳೋರು! 2007ರಲ್ಲಿ ಪುರಸಭೆ ಹೋಗಿ ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿಗೆ ಸೇರಿದ್ವಿ, 2021ರಲ್ಲಿ ಮೆಟ್ರೋನೂ ಬಂತು, ಸೈಟ್ ರೇಟು ಏರ್ತು, ಮೋರಿ ಜೋಕ್ ಮಾತ್ರ ಹಂಗೇ ಇದೆ. ಇನ್ನು ಹಳೇ ಕೆಂಗೇರಿಯವರಿಗೆ ನಾವು ಇವತ್ತಿಗೂ "ಉಪನಗರದೋರು", ಅಂದ್ರೆ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ.

ಬೇರೆಯವರನ್ನ ಅಂದು ಏನು ಪ್ರಯೋಜನ, ನಮ್ಮಮ್ಮನೇ ಇಷ್ಟು ವರ್ಷ ಆದ್ಮೇಲೂ ಮನೆಯಿಂದ ಹೊರಡುವಾಗ "ಬೆಂಗ್ಳೂರಿಗೆ ಹೋಗ್ಬರ್ತೀನಿ" ಅಂತಾರೆ. ಗೌರಿ ಹಬ್ಬದ ಹಿಂದಿನ ದಿನ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಲ್ಲಿ ಬದಲಾಯಿಸಿ, ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಇಳಿದು ಗಾಂಧಿ ಬಜಾರಿಂದಾನೇ ಹೂವು, ಬಾಳೆಕಂದು ತರಬೇಕು. ಅಮ್ಮಾ, ರಾಮನಗರ ಕಡೆಯಿಂದ ಬರೋ ಬಾಳೆಕಂದಿನ ಟೆಂಪೋ ಕೆಂಗೇರಿ ದಾಟ್ಕೊಂಡೇ ಅಲ್ಲಿಗೆ ಹೋಗೋದು, ಇಲ್ಲೇ ತಗೊಬಾರದಾ ಅಂದೆ ಹೋದ ಸಲ.

"ಇಲ್ಲಿ ತಗೊಂಡ್ರೆ ಹಬ್ಬ ಅನ್ಸಲ್ಲ ಕಣೋ" ಅಂದು ಬ್ಯಾಗ್ ತಗೊಂಡು ಹೊರಟೇಬಿಟ್ರು.